ನಿಂತ ಗಾಡಿಗೆ ಕೂಲಿ ಕೊಡುವವರು ಯಾರು?

ಗಂಗಾವತಿಯ ಅಕ್ಕಿ ಗಿರಣಿಗಳ ಮುಂದೆ, ಕಾರಟಗಿಯ ಮಾರುಕಟ್ಟೆಯಲ್ಲಿ, ಗಿಣಿಗೇರಿ ಕಡೆಯ ಕಬ್ಬಿಣದ ಕಾರ್ಖಾನೆಗಳ ಗೇಟಿನ ಹೊರಗೆ, ಕುಷ್ಟಗಿಯಲ್ಲಿ ಹೆದ್ದಾರಿ ಬದಿಯ ಚಹದಂಗಡಿಗಳ ಬಯಲಿನಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ನಮ್ಮ ವಾಚಕರು ದಿನವೂ ನೋಡುತ್ತಾರೆ. ನೋಡಿ, "ಲಾರಿ ಮಾಲಿಕರಿಗೇನ್ರಿ, ಒಂದು ಟ್ರಿಪ್ಪು ಹೊಡೆದರೆ ಸಾವಿರಗಟ್ಟಲೆ" ಎಂದು ಹೇಳಿ ಮುಂದೆ ಹೋಗುವವರೇ ಹೆಚ್ಚು. ಈ ಮಾತು ಎಷ್ಟು ಪೊಳ್ಳೆಂಬುದನ್ನು ಈ ವಾರ ಬಿಚ್ಚಿ ತೋರಿಸಬೇಕಾಗಿದೆ.

ಒಂದೇ ಗಾಡಿ ಇಟ್ಟುಕೊಂಡು, ತಾನೇ ಸ್ಟೇರಿಂಗ್ ಹಿಡಿದು ದುಡಿಯುವವನು ಮಾಲಿಕನೆ? ಆರ್.ಸಿ. ಪುಸ್ತಕದಲ್ಲಿ ಅವನ ಹೆಸರಿದೆ, ನಿಜ. ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಹೆಸರೂ ಅದರಲ್ಲೇ ಇದೆ. ಇನ್ನು ಕಾರ್ಮಿಕನೆನ್ನೋಣವೆಂದರೆ, 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾನೂನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ ಎಂದು ಗೆರೆ ಹಾಕಿದ್ದುದು 5 ಅಥವಾ ಹೆಚ್ಚು ಮಂದಿ ಕಾರ್ಮಿಕರಿದ್ದ ಸಂಸ್ಥೆಗಳಿಗೆ ಮಾತ್ರ. ಒಂಟಿ ಗಾಡಿಯವನು ಆ ಗೆರೆಯ ಹೊರಗೇ ಇದ್ದ. ಫೈನಾನ್ಸಿನವನ ಕಣ್ಣಿಗೆ ಅವನು ಮಾಲಿಕನಲ್ಲ, ಕಾನೂನಿನ ಕಣ್ಣಿಗೆ ಕಾರ್ಮಿಕನೂ ಅಲ್ಲ.

ನಾವು ಹಿಂದೆ ಶಾಲೆಯಲ್ಲಿ ಲೆಕ್ಕ ಕಲಿಸಿದವರು, ಹಳೆಯ ಚಾಳಿ ಬಿಡದು. ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಹಿಡಿದವು, ಬಲ್ಲವರು ತಮ್ಮ ಗಾಡಿಗೆ ತಕ್ಕಂತೆ ತಿದ್ದಿಕೊಳ್ಳಲಿ. 10 ಚಕ್ರದ ಲಾರಿಯೊಂದು ಗಂಗಾವತಿಯಿಂದ ಅಕ್ಕಿ ಹೇರಿಕೊಂಡು ಬೆಂಗಳೂರಿಗೆ ಹೋಗಿ ಇಳಿಸಿತು. ಮರಳುವ ದಾರಿ ಸುಮಾರು 350 ಕಿಲೋಮೀಟರು. ಡೀಸೆಲ್ ಲೀಟರಿಗೆ 91 ರೂಪಾಯಿ ಹಿಡಿಯೋಣ. ಖಾಲಿ ಗಾಡಿ ಲೀಟರಿಗೆ 5 ಕಿಲೋಮೀಟರು ಓಡಿದರೆ 70 ಲೀಟರು, 6,370 ರೂಪಾಯಿ. ಹೇರಿದ ಗಾಡಿ 4 ಕಿಲೋಮೀಟರು ಓಡಿದರೆ ಸುಮಾರು 7,960 ರೂಪಾಯಿ. ಟೋಲು ಎರಡಕ್ಕೂ ಒಂದೇ ಎಂದು ಬಿಡೋಣ. ಕಂತು ತಿಂಗಳಿಗೆ 45,000 ಆದರೆ ದಿನಕ್ಕೆ 1,500. ಗಾಡಿ ಓಡಲಿ, ನಿಲ್ಲಲಿ, ಕಂತು ನಿಲ್ಲುವುದಿಲ್ಲ.

ಈಗ ದಲಾಲಿ ಬಂದು 5,000ಕ್ಕೆ ಒಂದು ಲೋಡು ತೋರಿಸುತ್ತಾನೆ, 500 ತನ್ನ ಕಮಿಷನ್. ಹೇರಿಕೊಂಡರೆ 3,460 ರೂಪಾಯಿ ನಷ್ಟ. ಖಾಲಿ ಬಂದರೆ 6,370 ನಷ್ಟ. ಎರಡು ದಿನ ಕಾದು 12,000ದ ಲೋಡು ಸಿಕ್ಕರೆ ಎಲ್ಲ ಕಳೆದು 540 ರೂಪಾಯಿ ಉಳಿಯುತ್ತದೆ. ಸಿಗದೆ, ಮೂರನೆಯ ದಿನ ಅದೇ 5,000ದ ಲೋಡಿಗೆ ಕೈ ಒಡ್ಡಿದರೆ ನಷ್ಟ 6,460. ಮೊದಲ ದಿನವೇ ಖಾಲಿ ಬಂದಿದ್ದರೆ ಆಗುತ್ತಿದ್ದುದಕ್ಕಿಂತ 90 ರೂಪಾಯಿ ಹೆಚ್ಚು! ಇದನ್ನು ವ್ಯಾಪಾರವೆನ್ನುತ್ತೀರೋ, ಜೂಜೆನ್ನುತ್ತೀರೋ?

ಅನುಭವಿಗಳು ಈ ಜೂಜನ್ನೂ ಕಾಲ ನೋಡಿ ಆಡುತ್ತಾರೆ. ಎಡದಂಡೆ ಕಾಲುವೆಯ ಕೆಳಗೆ ಭತ್ತದ ಸುಗ್ಗಿ ನಡೆದಿರುವಾಗ, ಇಲ್ಲಿ ಒಳ್ಳೆಯ ಬಾಡಿಗೆ ಕಾದಿರುತ್ತದೆಯಾಗಿ, ಖಾಲಿಯಾದರೂ ಸರಿ ಬೇಗ ಮರಳುವುದೇ ಜಾಣತನ. ಅಲ್ಲಿ ಎರಡು ದಿನ ಕಾದರೆ ಇಲ್ಲಿನ ಒಂದು ಟ್ರಿಪ್ಪು ಕೈಬಿಡುತ್ತದೆ. ಸುಗ್ಗಿ ಮುಗಿದ ಮೇಲೆ, ಅಥವಾ ಕಾಲುವೆಗೆ ನೀರು ಬಾರದ ಬೇಸಿಗೆಯಲ್ಲಿ, ಮರಳಿ ಬಂದರೂ ಇಲ್ಲಿ ಸಾಲಿನಲ್ಲಿಯೇ ನಿಲ್ಲಬೇಕು; ಆಗ ಅಗ್ಗದ ಲೋಡೂ ಪ್ರಸಾದವೇ. ಕುಷ್ಟಗಿ, ಯಲಬುರ್ಗಾದ ಬೆದ್ದಲು ಸೀಮೆಯ ಗಾಡಿಯವನ ಪಾಡು ಇನ್ನೂ ಕಷ್ಟ. ಮಳೆ ಬಂದು ಕಡಲೆ, ಜೋಳ, ಮೆಕ್ಕೆಜೋಳ ಬೆಳೆದರೆ ಊರಲ್ಲಿ ಲೋಡು. ಇಲ್ಲವಾದರೆ ಗಂಗಾವತಿಗೋ ಕೊಪ್ಪಳಕ್ಕೋ ಸ್ವಂತ ಡೀಸೆಲ್ ಸುಟ್ಟು ಖಾಲಿ ಓಡಿಸಿಕೊಂಡು ಹೋಗಿಯೇ ಸಾಲು ಹಿಡಿಯಬೇಕು.

ದಲಾಲಿಗೂ, ಅವನ ಹಿಂದಿರುವ ದೊಡ್ಡ ಸಾಹುಕಾರನಿಗೂ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು. ಹೇರಿದ ಗಾಡಿಗೂ ಖಾಲಿ ಗಾಡಿಗೂ ಡೀಸೆಲ್ಲಿನಲ್ಲಿರುವ ಅಂತರ 1,590 ರೂಪಾಯಿ ಮಾತ್ರ ಎಂಬುದನ್ನು ಹಿಡಿದುಕೊಂಡೇ ಅವನು ಬಾಡಿಗೆಯನ್ನು ಅಲ್ಲಿಯವರೆಗೂ ಜಗ್ಗುತ್ತಾನೆ. ಇಂದು ಒಬ್ಬನು ಹಸಿವಿಗೆ ಒಪ್ಪಿದ ದರವೇ ನಾಳೆ ಎಲ್ಲರಿಗೂ 'ಮಾರ್ಕೆಟ್ ರೇಟು'.

ಇದೆಲ್ಲ ಬೇಡಿಕೆ-ಪೂರೈಕೆಯ ನಿಯಮ, ಗಾಡಿಗಳು ಹೆಚ್ಚಾದವು ಎನ್ನುವ ಪಂಡಿತರಿದ್ದಾರೆ. ಹೆಚ್ಚು ಮಾಡಿದವರು ಯಾರು? ಅದಿರಿನ ಭರಾಟೆಯಲ್ಲಿ ಕೇಳಿದವರಿಗೆಲ್ಲ ಸಾಲ ಕೊಟ್ಟು ಲಾರಿ ಕೊಡಿಸಿದರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಗಣಿಲೂಟಿ ನಿಂತದ್ದು ನ್ಯಾಯವೇ. ಆದರೆ ಲೂಟಿ ಮಾಡಿದವರ ಗಂಟು ಭದ್ರವಾಗಿತ್ತು, ರಸ್ತೆ ಬದಿಗೆ ನಿಂತು ತುಕ್ಕು ಹಿಡಿದದ್ದು ಸಾಲದ ಲಾರಿ. 2018ರ ಜುಲೈಯಲ್ಲಿ ಕೇಂದ್ರ ಸರಕಾರ 10 ಚಕ್ರದ ಗಾಡಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಇದ್ದಷ್ಟೇ ಮಾಲಿಗೆ ಗಾಡಿ ಕಡಿಮೆ ಸಾಕಾದವು, ಸಾಲು ಉದ್ದವಾಯಿತು. ಇದು ಯಾವ ಪ್ರಕೃತಿ ನಿಯಮ?

ಡೀಸೆಲ್ ಬೆಲೆಯ ವಿರುದ್ಧ 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಲಾರಿಗಳು ಮುಷ್ಕರ ಹೂಡಿದವು. ರಾಜ್ಯ ಸರಕಾರ ಮಾರಾಟ ತೆರಿಗೆ ಏರಿಸಿ ಲೀಟರಿಗೆ ಸುಮಾರು 2 ರೂಪಾಯಿ ಹೆಚ್ಚಿಸಿತ್ತು, ಮುಷ್ಕರ ನ್ಯಾಯವಾದುದು. ಆದರೂ ಮೇಲಿನ ಲೆಕ್ಕಕ್ಕೆ ಹಚ್ಚಿ ನೋಡಿ: 2 ರೂಪಾಯಿ ಇಳಿದರೆ ಮರುಪ್ರಯಾಣದಲ್ಲಿ ಉಳಿಯುವುದು 175 ರೂಪಾಯಿ. ಕಾದ ಒಂದು ದಿನಕ್ಕೆ ಕೂಲಿ ದೊರೆತರೆ 1,500.

ಕಾದದ್ದಕ್ಕೆ ಕೂಲಿ ಕೇಳುವುದು ಹುಚ್ಚೆಂದು ನಗುವವರಿಗೆ ಹೇಳುತ್ತೇವೆ. ರೈಲ್ವೆಯ ವ್ಯಾಗನ್ನು ಹೊತ್ತು ಮೀರಿ ನಿಂತರೆ ಡೆಮರೇಜ್ ಕೊಡುತ್ತೀರಿ, ಒಂದು ಮಾತೂ ಆಡದೆ. ಬೆಂಗಳೂರಿನ ಆಟೋ ನಿಂತರೂ ಮೀಟರು ಓಡುತ್ತದೆ. ಲಾರಿಯವನೊಬ್ಬನೇ ಪುಕ್ಕಟೆಯೆ? ಬ್ರೆಜಿಲ್ ದೇಶದಲ್ಲಿ ಗಾಡಿ ಬಂದು 5 ಗಂಟೆಯೊಳಗೆ ಹೇರಿಕೆ-ಇಳಿಕೆ ಮುಗಿಯದಿದ್ದರೆ ಟನ್ನಿಗೆ, ಗಂಟೆಗೆ ಇಷ್ಟೆಂದು ಕೊಡಬೇಕೆಂಬ ಕಾನೂನಿದೆ. 2018ರ ಮೇ ತಿಂಗಳಲ್ಲಿ ಅಲ್ಲಿಯ ಚಾಲಕರು ಇಡೀ ದೇಶದ ರಸ್ತೆಗಳನ್ನು ತಡೆದು ನಿಂತರು. ಅದೇ ವರ್ಷ ಕನಿಷ್ಠ ಬಾಡಿಗೆಯ ಕಾನೂನೂ ಆಯಿತು. ಧಣಿಗಳು ಕೋರ್ಟಿಗೆ ಓಡಿದರು, ಅದು ಎಲ್ಲ ಕಡೆಯ ರೂಢಿ.

ನಮ್ಮಲ್ಲಿ ಹೊಸ ಕಾನೂನೂ ಬೇಕಿಲ್ಲ. 1988ರ ಮೋಟಾರು ವಾಹನ ಕಾನೂನಿನ 67ನೆಯ ಕಲಮು ಸರಕು ಗಾಡಿಗಳಿಗೂ ಗರಿಷ್ಠ, ಕನಿಷ್ಠ ದರ ಗೊತ್ತುಮಾಡಿಸುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಬಸ್ಸಿನ ದರಕ್ಕೆ ಆ ಕಲಮು ನೆನಪಾಗುತ್ತದೆ, ಲಾರಿಯ ಬಾಡಿಗೆಗೆ ಮರೆವು ಬರುತ್ತದೆ. ಈ ಮರೆವಿನ ಬೆಲೆ ಎಷ್ಟೆಂದು ಬೆಂಗಳೂರಿನಲ್ಲಿ ಕುಳಿತವರು ಹೇಳಲಿ.

ಸಣ್ಣ ವ್ಯಾಪಾರಿ ಬಂಧುಗಳಿಗೆ ಎರಡು ಮಾತು, ಸಿಟ್ಟಾಗಬಾರದು. ಅಂಗಡಿಯಲ್ಲಿ ಜಾಗವಿಲ್ಲವೆಂದು "ನಾಳೆ ಇಳಿಸೋಣ ತಮ್ಮಾ" ಎಂದು ಗಾಡಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಬಡವನ ಲಾರಿಯನ್ನು ಪುಕ್ಕಟೆ ಗೋದಾಮು ಮಾಡಿಕೊಳ್ಳುವವರು ನಮ್ಮೊಳಗೂ ಇದ್ದಾರೆ. ಅವನ ಒಂದು ದಿನದ 1,500 ರೂಪಾಯಿಯನ್ನು 18 ಟನ್ ಅಕ್ಕಿಗೆ ಹಂಚಿರಿ: 25 ಕಿಲೋ ಚೀಲಕ್ಕೆ 2 ರೂಪಾಯಿ ಚಿಲ್ಲರೆ. 2022ರ ಜುಲೈಯಲ್ಲಿ ಚೀಲದ ಅಕ್ಕಿಗೆ ಸರಕಾರ 5% ಜಿ.ಎಸ್.ಟಿ. ಹಾಕಿದಾಗ 1,200ರ ಚೀಲಕ್ಕೆ 60 ರೂಪಾಯಿ ಬಿತ್ತು. (26 ಕಿಲೋ ಚೀಲ ಹೊಲಿಸಿ ಜಾರಿಕೊಂಡ ಜಾಣ್ಮೆಯನ್ನು ನಾವು ಹಳಿಯುವುದಿಲ್ಲ.) ವ್ಯಾಪಾರ ಮುಳುಗಿಸುವುದು ಆ 60ರಂಥ ಹೊರೆಯೋ, ಈ 2 ರೂಪಾಯಿಯೋ?

ಗಿರಣಿ ಕಾರ್ಮಿಕ ಬಂಧುಗಳಿಗೂ ಹೇಳುವುದಿದೆ. ಚೀಲ ಇಳಿಸುವ ಹಮಾಲಿಯನ್ನು ಲಾರಿಯವನ ಬಾಡಿಗೆಯಿಂದಲೇ ಮುರಿಯುವ ಪದ್ಧತಿ ಹಲವೆಡೆ ಇದೆ. ಹಮಾಲನೂ ಡ್ರೈವರನೂ ಇಪ್ಪತ್ತು ರೂಪಾಯಿಗೆ ಕೊರಳಪಟ್ಟಿ ಹಿಡಿಯುತ್ತಾರೆ, ಮಾಲಿನ ಧಣಿ ಒಳಗೆ ಕುಳಿತು ಚಹಾ ಕುಡಿಯುತ್ತಾನೆ. ಹಮಾಲಿ ಕೊಡಬೇಕಾದವನು ಮಾಲಿನವನು. ಡ್ರೈವರನ ಹತ್ತಿರ ಕೇಳುವುದನ್ನು ಬಿಡೋಣ.

ಗೇಟಿನಲ್ಲಿ ಗಾಡಿ ಬಂದ ಗಂಟೆಯನ್ನು ರಿಜಿಸ್ಟರಿನಲ್ಲಿ ಬರೆಯುವವರು ನಮ್ಮವರೇ, ತೂಕದ ಚೀಟಿ ಹರಿಯುವವರೂ ನಮ್ಮವರೇ. ಗಾಡಿ ಬಂದ ಗಂಟೆ, ಲೋಡಾಗಿ ಹೊರಟ ಗಂಟೆ ಎರಡನ್ನೂ ಆ ಚೀಟಿಯ ಮೇಲೆ ಬರೆದು ಡ್ರೈವರನ ಕೈಗೆ ಕೊಡಲು ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ಗಂಗಾವತಿಯ ಗಿರಣಿಗಳಲ್ಲಿ ಮುಂದಿನ ಸುಗ್ಗಿಯ ಮೊದಲ ಲೋಡಿನಿಂದಲೇ ಇದನ್ನು ಆರಂಭಿಸಬಹುದು.