ಹೆದ್ದಾರಿಯ ಮಾಮೂಲು ಯಾರ ಲೆಕ್ಕಕ್ಕೆ?

ಮಧ್ಯರಾತ್ರಿ ಕಳೆದ ಮೇಲೂ ಭರಮಸಾಗರದಿಂದ ಚಿತ್ರದುರ್ಗದ ಬೈಪಾಸ್ ಹಿಡಿದು ಹಿರಿಯೂರಿನತ್ತ ಸಾಗುವ ಲಾರಿಗಳ ಸಾಲು ಕಡಿಯುವುದಿಲ್ಲ. ಹಿಂದೆ ನಾಲ್ಕನೇ ಸಂಖ್ಯೆಯ ಹೆದ್ದಾರಿ ಎಂದು ಕರೆಯಲ್ಪಡುತ್ತಿದ್ದ, ಈಗ 48 ಎಂದಾಗಿರುವ ಈ ರಸ್ತೆಯಲ್ಲಿ ಮುಂಬೈ, ಪುಣೆಯ ಸರಕು ಬೆಂಗಳೂರಿಗೂ ಚೆನ್ನೈಗೂ ಹರಿಯುತ್ತದೆ. ಹಿರಿಯೂರಿನಲ್ಲಿ ಬಳ್ಳಾರಿಯ ದಾರಿ ಬಂದು ಕೂಡುತ್ತದೆ. ಚಿತ್ರದುರ್ಗದಲ್ಲಿ ಹೊಸಪೇಟೆ, ವಿಜಯಪುರದ ದಾರಿಯೂ ಹೊಳಲ್ಕೆರೆಯ ಮೂಲಕ ಶಿವಮೊಗ್ಗಕ್ಕೆ ಹೋಗುವ ದಾರಿಯೂ ಸೇರುತ್ತವೆ. ಇಂಥ ಕೂಡುರಸ್ತೆಗಳ ಊರುಗಳಲ್ಲಿ ನಮ್ಮ ಎಷ್ಟು ಕುಟುಂಬಗಳ ಅನ್ನ ಚಕ್ರದ ಮೇಲಿದೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮನೆಯಲ್ಲಿ ಚಾಲಕ, ಪಕ್ಕದ ಮನೆಯಲ್ಲಿ ಮೆಕ್ಯಾನಿಕ್, ಅದರಾಚೆ ಟಯರಿನ ಅಂಗಡಿ, ಬೀದಿಯ ಕೊನೆಯಲ್ಲಿ ಸಾಲ ಮಾಡಿ ಒಂದು ಲಾರಿ ಕೊಂಡ ಮಾಲಕ.

ಈ ಮನೆಗಳಲ್ಲೆಲ್ಲ ಮಾಮೂಲು ಎಂಬ ಪದವು ಲಂಚ ಎಂಬ ಪದಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಇದರ ಅರ್ಥ, ದಿನನಿತ್ಯ ನಡೆಯುವಂಥದ್ದು ಎಂದು. ಒಂದು ತಪ್ಪಿಗೆ ನಾವು ಇಂಥ ಹೆಸರಿಟ್ಟ ಮೇಲೆ ಅದರ ಬಗ್ಗೆ ಸಿಟ್ಟು ಬರುವುದಾದರೂ ಹೇಗೆ?

ದೃಶ್ಯವು ಎಲ್ಲ ಹೆದ್ದಾರಿಗಳಲ್ಲೂ ಹೆಚ್ಚು ಕಡಿಮೆ ಒಂದೇ. ಕತ್ತಲಲ್ಲಿ ಒಂದು ಟಾರ್ಚು ಅಲ್ಲಾಡುತ್ತದೆ. ಲಾರಿ ಬದಿಗೆ ಸರಿಯುತ್ತದೆ. ಚಾಲಕ ಕಾಗದಗಳ ಚೀಲ ಹಿಡಿದು ಕೆಳಗಿಳಿಯುತ್ತಾನೆ. ಆರ್‌ಸಿ, ಎಫ್‌ಸಿ, ಪರ್ಮಿಟ್, ವಿಮೆ ಎಲ್ಲವೂ ಸರಿ ಇದ್ದರೆ ಹಿಂದಿನ ದೀಪ, ಅದೂ ಸರಿ ಇದ್ದರೆ ಟಾರ್ಪಾಲು, ಅದೂ ಸರಿ ಇದ್ದರೆ ಸುಮ್ಮನೆ ಕಾಯಿಸುವಿಕೆ. ಕಾಯಿಸುವಿಕೆಯೇ ಇಲ್ಲಿ ನಿಜವಾದ ಆಯುಧ. ಬೆಳಗಾಗುವುದರೊಳಗೆ ಸರಕು ಇಳಿಸದಿದ್ದರೆ ನಗರದ ಪ್ರವೇಶ ನಿರ್ಬಂಧದಲ್ಲಿ ಸಿಲುಕಿ ಇಡೀ ದಿನ ಹಾಳಾಗುತ್ತದೆ, ಬಾಡಿಗೆಯಲ್ಲಿ ಕಡಿತವಾಗುತ್ತದೆ. ಚಾಲಕ ಕೊಡುವ ಇನ್ನೂರು ರೂಪಾಯಿ ತಪ್ಪಿಗೆ ತೆತ್ತ ದಂಡವಲ್ಲ, ತನ್ನದೇ ಸಮಯವನ್ನು ಆತ ಬೆಲೆ ಕೊಟ್ಟು ಬಿಡಿಸಿಕೊಳ್ಳುತ್ತಾನೆ.

ಇದು ಬರಿಯ ಹೋಟೆಲ್ ಕಟ್ಟೆಯ ಮಾತಲ್ಲ. ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆಯು ಬೆಂಗಳೂರೂ ಸೇರಿದಂತೆ 10 ಸಾರಿಗೆ ಕೇಂದ್ರಗಳಲ್ಲಿ 1,217 ಲಾರಿ ಚಾಲಕರನ್ನು ಮಾತನಾಡಿಸಿ 2020ರ ಫೆಬ್ರವರಿಯಲ್ಲಿ ಒಂದು ವರದಿಯನ್ನು ಬಿಡುಗಡೆ ಮಾಡಿತು. ಸಂಚಾರ ಅಥವಾ ಹೆದ್ದಾರಿ ಪೊಲೀಸರಿಗೆ ಲಂಚ ಕೊಟ್ಟದ್ದನ್ನು ಒಪ್ಪಿಕೊಂಡವರು 67 ಶೇಕಡಾ. ಒಂದು ಪ್ರಯಾಣದಲ್ಲಿ ವಿವಿಧ ಇಲಾಖೆಗಳಿಗೆ ಹೀಗೆ ಹೋಗುವ ಮೊತ್ತ ಸರಾಸರಿ 1,257 ರೂಪಾಯಿ. ದೇಶದ ಲಾರಿ ಉದ್ಯಮವು ವರ್ಷಕ್ಕೆ ತೆರುವ ಲಂಚ ಸುಮಾರು 48,000 ಕೋಟಿ ರೂಪಾಯಿ ಎಂದು ಆ ವರದಿ ಅಂದಾಜಿಸಿತು. ಅರ್ಧಕ್ಕಿಂತ ಹೆಚ್ಚು ಚಾಲಕರ ತಿಂಗಳ ಗಳಿಕೆ 10ರಿಂದ 20 ಸಾವಿರದೊಳಗೆ. ತನ್ನ ಮಗನಿಗೋ ತಮ್ಮನಿಗೋ ಈ ಕೆಲಸವನ್ನು ಸೂಚಿಸಲಾರೆ ಎಂದವರು 84 ಶೇಕಡಾ. ಕೋಟಿಗಳ ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಈ ಕೊನೆಯ ಸಂಖ್ಯೆ.

ಕಾನೂನು ಚಾಲಕನನ್ನು ಪೂರ್ಣವಾಗಿ ಕೈಬಿಟ್ಟಿದೆಯೇ? ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲನಾ ಪರವಾನಗಿ ತೋರಿಸಲೇಬೇಕು. ಆದರೆ ಅದನ್ನು ವಶಪಡಿಸಿಕೊಂಡರೆ 206ನೇ ಸೆಕ್ಷನ್ ಪ್ರಕಾರ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಬೇಕು, ಪರವಾನಗಿ ಮರಳಿ ಸಿಗುವ ತನಕ ಆ ಪತ್ರದ ಬಲದಲ್ಲೇ ವಾಹನ ಓಡಿಸಬಹುದು. ಪರವಾನಗಿಯನ್ನು ಜೇಬಿಗಿಳಿಸಿ ಚೌಕಾಶಿಗೆ ನಿಲ್ಲುವುದು ಯಾವ ಸೆಕ್ಷನ್‌ನಲ್ಲೂ ಇಲ್ಲ. ಸ್ಥಳದಲ್ಲಿ ದಂಡ ಕಟ್ಟಿಸಿಕೊಳ್ಳುವ ಅಧಿಕಾರವೂ ರಾಜ್ಯ ಸರಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಿದ ಅಧಿಕಾರಿಗಷ್ಟೇ ಇದೆ. ತೂಕಕ್ಕೆ ಕಳುಹಿಸುವುದಾದರೆ, ಲಾರಿ ಹೋಗುವ ದಿಕ್ಕಿನಲ್ಲಿ 10 ಕಿಲೋಮೀಟರಿನೊಳಗೆ ಅಥವಾ ಸರಕು ಇಳಿಯುವ ಸ್ಥಳದಿಂದ 20 ಕಿಲೋಮೀಟರಿನೊಳಗೆ ಇರುವ ವೇ ಬ್ರಿಡ್ಜ್‌ಗೆ ಮಾತ್ರ ಕಳುಹಿಸಬಹುದು.

ಇವೆಲ್ಲಕ್ಕಿಂತ ಮುಖ್ಯವಾದುದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮ. ದಾಖಲೆಗಳು ಡಿಜಿಲಾಕರ್ ಅಥವಾ ಎಂಪರಿವಾಹನದಲ್ಲಿ ಸರಿಯಾಗಿದ್ದರೆ ಕಾಗದದ ಪ್ರತಿಯನ್ನು ಕೇಳುವಂತಿಲ್ಲ. ವಾಹನವನ್ನು ತಪಾಸಣೆ ಮಾಡಿದ ದಿನ, ವೇಳೆ ಮತ್ತು ಮಾಡಿದ ಅಧಿಕಾರಿಯ ಗುರುತು ಪೋರ್ಟಲ್‌ನಲ್ಲಿ ದಾಖಲಾಗಬೇಕು. ಒಂದೇ ಲಾರಿಯನ್ನು ಮತ್ತೆ ಮತ್ತೆ ನಿಲ್ಲಿಸಿ ಚಾಲಕರಿಗೆ ಕಿರುಕುಳ ಕೊಡುವುದು ತಪ್ಪಬೇಕೆಂಬುದೇ ಇದರ ಉದ್ದೇಶವೆಂದು ಕೇಂದ್ರ ಸರಕಾರವೇ ಅಂದು ಹೇಳಿತ್ತು. ಅಂದರೆ ಕಿರುಕುಳವಿದೆ ಎಂಬುದನ್ನು ಸರಕಾರ ಒಪ್ಪಿದಂತಾಯಿತಲ್ಲವೇ? 2022ರ ಜೂನ್‌ನಲ್ಲಿ ನಮ್ಮ ರಾಜ್ಯದ ಅಂದಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಕೇವಲ ದಾಖಲೆ ಪರಿಶೀಲನೆಗಾಗಿ ವಾಹನಗಳನ್ನು ನಿಲ್ಲಿಸಬಾರದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಎಂದು ಬೆಂಗಳೂರಿನ ಅಧಿಕಾರಿಗಳಿಗೆ ಸೂಚಿಸಿದ್ದರು. ರಾಜಧಾನಿಯ ಕಾರು ಮತ್ತು ಬೈಕಿನವರ ಮೊರೆಗೆ ಸಿಕ್ಕ ಈ ಕಿವಿಯು ಹಿರಿಯೂರಿನ ರಸ್ತೆ ಬದಿಯ ಲಾರಿಯವನಿಗೂ ಸಿಗುವಂತಾಗಬೇಡವೇ?

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನವು ಪೊಲೀಸರ ವಿರುದ್ಧದ ಇನ್ನೊಂದು ದೂರಾಗಿ ಮುಗಿಯುತ್ತದೆ. ನಮ್ಮ ಮನಸ್ಸಿಗೂ ಸಮಾಧಾನವಾಗುತ್ತದೆ. ಆದರೆ ಇಷ್ಟೇ ಸತ್ಯವಲ್ಲ. ಕೊಡುವವರಲ್ಲಿ ಎರಡು ಬಗೆಯವರಿದ್ದಾರೆ. ಎಲ್ಲ ಸರಿ ಇದ್ದೂ, ಬಿಡುಗಡೆಗಾಗಿ ಕೊಡುವವನು ಒಬ್ಬ. ಹೊರೆ ಮಿತಿ ಮೀರಿದೆ ಎಂದು ಗೊತ್ತಿದ್ದೇ, ಅದನ್ನು ದಾಟಿಸುವುದಕ್ಕಾಗಿ ಕೊಡಿಸುವವನು ಇನ್ನೊಬ್ಬ. ಇವರಿಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಅನ್ಯಾಯ. ಎರಡನೆಯವನು ಮೊದಲನೆಯವನ ಬೆನ್ನ ಹಿಂದೆ ಅಡಗಿಕೊಳ್ಳುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಮೂರು ಅಚ್ಚಿನ, ಅಂದರೆ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 2018ರ ಜುಲೈಯಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಲಾಯಿತು. ಏರಿಸಿದ್ದನ್ನೂ ಮೀರಿ ತುಂಬುವವರಿದ್ದಾರೆ. 2019ರ ತಿದ್ದುಪಡಿಯ ಪ್ರಕಾರ ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಅದಕ್ಕೆ ಮುಂಚೆ ಇದು 2,000 ಮತ್ತು 1,000 ಆಗಿತ್ತು. ಐದು ಟನ್ ಹೆಚ್ಚು ತುಂಬಿದ ಲಾರಿಗೆ 30,000 ರೂಪಾಯಿ ಎಂದಾಯಿತು. ಇದು ಚಾಲಕನ ತಿಂಗಳ ಸಂಬಳಕ್ಕಿಂತ ಹೆಚ್ಚು. ರಸೀದಿಯ ದರ ಇಷ್ಟು ಮೇಲೇರಿದಾಗ ರಸೀದಿ ಇಲ್ಲದ ದರವೂ ಮೇಲೇರುತ್ತದೆ ಎಂಬುದನ್ನು ದಂಡ ಹೆಚ್ಚಿಸಿದವರು ಯೋಚಿಸಿದಂತಿಲ್ಲ. ಅದೇ ಕಾನೂನು, ಓಡಿಸಿದವನನ್ನು ಮಾತ್ರವಲ್ಲ, ಓಡಿಸಲು ಬಿಟ್ಟವನನ್ನೂ ಓಡಿಸಲು ಕಾರಣನಾದವನನ್ನೂ ಹೊಣೆಗಾರನನ್ನಾಗಿಸುತ್ತದೆ. ಹೆಚ್ಚಿನ ಹೊರೆಯನ್ನು ಇಳಿಸದೆ ಲಾರಿ ಮುಂದೆ ಕದಲಬಾರದು ಎಂದೂ ಹೇಳುತ್ತದೆ. ಕೆಲವು ರಾಜ್ಯಗಳು ಶುಲ್ಕ ಕಟ್ಟಿಸಿಕೊಂಡು ಓವರ್‌ಲೋಡ್‌ಗೆ ಕಾರ್ಡು ಕೊಡುತ್ತಿದ್ದುದನ್ನು ಸುಪ್ರೀಮ್ ಕೋರ್ಟು 2005ರ ನವೆಂಬರ್‌ನಲ್ಲಿ ಪರಮ್‌ಜಿತ್ ಭಸೀನ್ ಪ್ರಕರಣದಲ್ಲಿ ತಡೆದಿತ್ತು. ದಂಡ ಕಟ್ಟಿದರೂ ಹೊರೆ ಇಳಿಯಲೇಬೇಕು ಎಂಬುದು ಆ ತೀರ್ಪಿನ ತಿರುಳು. ರಸ್ತೆ ಬದಿಯಲ್ಲಿ ಕೈ ಬಿಸಿ ಮಾಡಿ ಮುಂದೆ ಹೋಗುವ ಲಾರಿಯಿಂದ ಒಂದು ಚೀಲವೂ ಇಳಿಯುವುದಿಲ್ಲ. ಆ ತೂಕ ಬ್ರೇಕಿನ ಮೇಲಿರುತ್ತದೆ. ಇಳಿಜಾರಿನಲ್ಲಿ ಅದು ನಿಲ್ಲದಿದ್ದರೆ ಎದುರಿಗೆ ಸಿಗುವವರು ಯಾರಾದರೂ ಆಗಬಹುದು. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ತಪಾಸಣೆಯೇ ಬೇಡ ಎನ್ನುವವರು ಈ ಸಂಖ್ಯೆಯನ್ನೊಮ್ಮೆ ಓದಲಿ.

ಈ ಪಾಠವನ್ನು ಚಿತ್ರದುರ್ಗ ಜಿಲ್ಲೆಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಹೊಳಲ್ಕೆರೆ, ಹೊಸದುರ್ಗ ಮತ್ತು ಚಿತ್ರದುರ್ಗ ತಾಲೂಕುಗಳು ಕಬ್ಬಿಣದ ಅದಿರಿನ ಲಾರಿಗಳನ್ನು ಕಂಡಿವೆ. ಅದಿರಿನ ದರ ಏರಿದ ಕಾಲದಲ್ಲಿ ಅನೇಕರು ಸಾಲ ಮಾಡಿ ಲಾರಿ ಕೊಂಡರು. ರಸ್ತೆಗಳು ಕಿತ್ತುಹೋದವು, ಧೂಳು ಮನೆಯೊಳಗೆ ಬಂತು, ಎಲ್ಲರೂ ಸಹಿಸಿದರು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಸಲ್ಲಿಸಿದ ವರದಿಯು ಮಿತಿ ಮೀರಿದ ಹೊರೆ, ಪರವಾನಗಿ ಇಲ್ಲದ ಸಾಗಾಟ ಮತ್ತು ಅಧಿಕಾರಿಗಳಿಗೆ ಸಂದ ಹಣದ ಲೆಕ್ಕವನ್ನು ಬಯಲಿಗಿಟ್ಟಿತು. ಅದೇ ವರ್ಷದ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿದ ಸುಪ್ರೀಮ್ ಕೋರ್ಟು ಆಗಸ್ಟ್ 26ರಂದು ಆ ನಿಷೇಧವನ್ನು ಚಿತ್ರದುರ್ಗ ಮತ್ತು ತುಮಕೂರಿಗೂ ವಿಸ್ತರಿಸಿತು. ದೊಡ್ಡವರು ವಕೀಲರನ್ನು ಹಿಡಿದರು. ಲಾರಿಗಳು ಸಾಲಾಗಿ ನಿಂತವು, ಕಂತುಗಳು ನಿಲ್ಲಲಿಲ್ಲ. ಚಾಲಕನ ಪಾಲಿಗೆ ಉಳಿದದ್ದು ಕೆಲಸವಿಲ್ಲದ ದಿನಗಳು ಮಾತ್ರ. ಅಕ್ರಮದ ಲಾಭದಲ್ಲಿ ಆತನಿಗೆ ಪಾಲಿರಲಿಲ್ಲ, ಅದರ ಶಿಕ್ಷೆಯಲ್ಲಿ ಮಾತ್ರ ಇತ್ತು.

ಈಗ ನಮ್ಮ ಮಾಲಕರ ಲೆಕ್ಕದ ಪುಸ್ತಕಕ್ಕೆ ಬರೋಣ. ಡೀಸೆಲ್, ಟೋಲ್, ಬಾಟಾ ಎಂದು ಬರೆದ ಮೇಲೆ ದಾರಿ ಖರ್ಚು ಎಂದು ಇನ್ನೊಂದು ಸಾಲು ಇರುತ್ತದೆ. ಅದು ಯಾವುದಕ್ಕೆ ಎಂದು ಮಾಲಕನೂ ಕೇಳುವುದಿಲ್ಲ, ಚಾಲಕನೂ ಹೇಳುವುದಿಲ್ಲ. ಇನ್ನು ಕೆಲವರು ಇಡೀ ಟ್ರಿಪ್‌ಗೆ ಇಂತಿಷ್ಟು ಎಂದು ಒಟ್ಟಾಗಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆಗ ರಸ್ತೆಯಲ್ಲಿ ಕೊಟ್ಟ ಪ್ರತಿಯೊಂದು ನೋಟೂ ಚಾಲಕನ ಊಟದಿಂದ ಹೋಗುತ್ತದೆ. ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಆತ ನಿದ್ದೆಗೆಡುತ್ತಾನೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ಚಾಲಕನಿಗೆ ಸಾಮಾನ್ಯವಾಗಿ ದಿನಕ್ಕೆ ಎಂಟು ತಾಸಿನ ಕೆಲಸವೆಂದು 1961ರಲ್ಲೇ ಹೇಳಿತ್ತು. ಇದನ್ನು ಲಾರಿಯವರ ಮುಂದೆ ಹೇಳಿದರೆ ನಕ್ಕುಬಿಡುತ್ತಾರೆ, ಅಷ್ಟೆ.

ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿಯವರು(ಸ) ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ ಎಂಬುದು ನಮಗೆಲ್ಲ ತಿಳಿದಿದೆ. ತನ್ನ ಹಕ್ಕನ್ನು ಉಳಿಸಿಕೊಳ್ಳಲು ಅಥವಾ ಅನ್ಯಾಯದಿಂದ ಪಾರಾಗಲು ಬೇರೆ ದಾರಿಯೇ ಇಲ್ಲದೆ ಕೊಟ್ಟವನ ಪಾಪವು ಪಡೆದವನ ಮೇಲಿರುತ್ತದೆ ಎಂದು ವಿದ್ವಾಂಸರು ವಿನಾಯಿತಿಯನ್ನೂ ಹೇಳಿದ್ದಾರೆ. ಈ ವಿನಾಯಿತಿ ಚಾಲಕನಿಗೆ ಸಲ್ಲಬಹುದು. ಆದರೆ ಐದು ಟನ್ ಹೆಚ್ಚು ತುಂಬಿಸಿ, ದಾರಿ ಖರ್ಚು ಕೊಟ್ಟು ಕಳುಹಿಸಿ, ಶುಕ್ರವಾರ ಮೊದಲ ಸಾಲಿನಲ್ಲಿ ಕೂರುವ ಮಾಲಕನಿಗೆ ಅದು ಹೇಗೆ ಸಲ್ಲುತ್ತದೆ? ಆತ ಪಾರಾಗುತ್ತಿರುವುದು ಯಾವ ಅನ್ಯಾಯದಿಂದ? ಬಡ್ಡಿಯ ಬಗ್ಗೆ ಮಾತನಾಡುವ ನಮ್ಮ ಮಿಂಬರ್‌ಗಳು ಈ ಪ್ರಶ್ನೆಯನ್ನೂ ಕೈಗೆತ್ತಿಕೊಳ್ಳಬೇಕು.

ವಿಶೇಷವೆಂದರೆ ದೇಶದ ಕಾನೂನೂ ಈಗ ಹೆಚ್ಚು ಕಡಿಮೆ ಇದೇ ವ್ಯತ್ಯಾಸವನ್ನು ಗುರುತಿಸುತ್ತದೆ. 2018ರಲ್ಲಿ ತಿದ್ದುಪಡಿಯಾದ ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕಾರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಒಳಗಾಗಿ ಕೊಟ್ಟವನು ಏಳು ದಿನಗಳೊಳಗೆ ದೂರು ಕೊಟ್ಟರೆ ಅಪರಾಧಿಯಾಗುವುದಿಲ್ಲ. ಆದರೆ ಈ ಏಳು ದಿನಗಳನ್ನು ಬರೆದವರು ಲಾರಿಯಲ್ಲಿ ಪ್ರಯಾಣಿಸಿದವರಲ್ಲ. ಸೋಮವಾರ ರಾತ್ರಿ ಚಿತ್ರದುರ್ಗ ಜಿಲ್ಲೆಯಲ್ಲಿ ಹಣ ಕೊಟ್ಟವನು ಗುರುವಾರ ಗುಜರಾತಿನಲ್ಲಿರುತ್ತಾನೆ. ಆತನ ಭಾಷೆ ಬೇರೆ. ಅಧಿಕಾರಿಯ ಹೆಸರು ಗೊತ್ತಿಲ್ಲ. ದೂರು ಕೊಟ್ಟರೆ ಮುಂದಿನ ಟ್ರಿಪ್‌ಗೆ ಇದೇ ರಸ್ತೆಯಲ್ಲಿ ಬರಬೇಕು. ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಟಿಪ್ಪರ್ ಓಡಿಸುವ ಸ್ಥಳೀಯನ ಕಷ್ಟ ಇನ್ನೊಂದು ಬಗೆಯದು. ಆತನಿಗೆ ಅಧಿಕಾರಿಯ ಹೆಸರು ಗೊತ್ತಿದೆ, ಅಧಿಕಾರಿಗೂ ಆತನ ಮನೆ ಗೊತ್ತಿದೆ. ಮುಸ್ಲಿಮ್ ಹೆಸರಿನವನಾದರೆ ದೂರು ಕೊಡುವ ಮುಂಚೆ ಆತ ಇನ್ನೂ ಒಂದೆರಡು ಬಾರಿ ಯೋಚಿಸುತ್ತಾನೆ ಎಂಬುದನ್ನೂ ಮರೆಮಾಚಬೇಕಾಗಿಲ್ಲ.

2024ರ ಜನವರಿ ಮೊದಲ ವಾರದಲ್ಲಿ, ಅಪಘಾತ ಮಾಡಿ ಪರಾರಿಯಾದವರಿಗೆ ಹತ್ತು ವರ್ಷಗಳವರೆಗೆ ಶಿಕ್ಷೆ ವಿಧಿಸುವ ಹೊಸ ಕಲಮಿನ ವಿರುದ್ಧ ದೇಶದ ಹಲವೆಡೆ ಚಾಲಕರು ಲಾರಿ ನಿಲ್ಲಿಸಿದರು. ಎರಡೇ ದಿನಗಳಲ್ಲಿ ಸರಕಾರ ಮಾತುಕತೆಗೆ ಬಂತು. ಅದೇ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ 106ನೇ ಸೆಕ್ಷನ್‌ನ ಆ ಉಪಕಲಮನ್ನು ತಡೆಹಿಡಿಯಲಾಗಿತ್ತು. ಆ ಬೇಡಿಕೆ ಪೂರ್ತಿ ಸರಿಯೇ ಎಂಬ ಬಗ್ಗೆ ನನಗೆ ಸಂಶಯವಿದೆ, ರಸ್ತೆಯಲ್ಲಿ ಬಿದ್ದವನನ್ನು ಬಿಟ್ಟು ಓಡುವುದನ್ನು ಸಮರ್ಥಿಸಲಾಗದು. ಆದರೆ ಚಾಲಕರು ಒಟ್ಟಾಗಿ ನಿಂತರೆ ದಿಲ್ಲಿಯೂ ಕೇಳಿಸಿಕೊಳ್ಳುತ್ತದೆ ಎಂಬುದು ಸಾಬೀತಾಯಿತು.

ಆ ಒಗ್ಗಟ್ಟಿನಲ್ಲಿ ಸ್ವಲ್ಪವನ್ನು ಈ ಏಳು ದಿನಗಳ ಕೆಲಸಕ್ಕೆ ಬಳಸಬಹುದು. ಹಿರಿಯೂರು, ಚಿತ್ರದುರ್ಗಗಳಲ್ಲಿ ಲಾರಿ ಮಾಲಕರಿದ್ದಾರೆ, ವಕೀಲರಿದ್ದಾರೆ, ಮಸೀದಿ ಸಮಿತಿಗಳಿವೆ, ಓದಿದ ಯುವಕರಿದ್ದಾರೆ. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಎಸಿಬಿಯನ್ನು ರದ್ದುಪಡಿಸಿದ ಬಳಿಕ ಇಂಥ ದೂರುಗಳನ್ನು ತನಿಖೆ ಮಾಡುವ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂದಿದೆ. ಚಾಲಕ ಯಾವ ಧರ್ಮದವನೇ ಆಗಿರಲಿ, ಯಾವ ರಾಜ್ಯದವನೇ ಆಗಿರಲಿ, ಆತನ ಫೋನ್ ಕರೆಯನ್ನು ಸ್ವೀಕರಿಸಿ, ಸ್ಥಳ, ವೇಳೆ, ವಾಹನದ ಸಂಖ್ಯೆ ಬರೆದುಕೊಂಡು, ದೂರನ್ನು ಸಿದ್ಧಪಡಿಸಿ ಏಳು ದಿನಗಳೊಳಗೆ ಆತನ ಸಹಿಯೊಂದಿಗೆ ತಲುಪಿಸಲು ನಾಲ್ಕು ಮಂದಿ ಸಾಕು. ಆದರೆ ಆ ನಾಲ್ವರು ದೂರಿಗೆ ಕೈಹಾಕುವ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ: ಲಾರಿಯಲ್ಲಿ ಎಷ್ಟು ಟನ್ ಇತ್ತು? ಅದಕ್ಕೆ ಉತ್ತರಿಸಬೇಕಾದವರು ಚಾಲಕರಲ್ಲ, ತುಂಬಿಸಿದವರು.