ಚೋಮನ ಸಾಲ, ಕೋಗಿಲಿನ ಜೆಸಿಬಿ

ಯಲಹಂಕದ ಕೋಗಿಲು ಬಡಾವಣೆಯ ಫಕೀರ್ ಕಾಲೋನಿ ಮತ್ತು ವಸೀಂ ಲೇಔಟ್‌ಗೆ 2025ರ ಡಿಸೆಂಬರ್ 20ರ ಬೆಳಗ್ಗೆ ಜೆಸಿಬಿಗಳು ಬಂದು ಮನೆಗಳನ್ನು ಕೆಡವಿ ಹೋದವು. ಆ ಚಳಿಯಲ್ಲಿ ಅಲ್ಲಿನ ಮಕ್ಕಳು ಎಲ್ಲಿ ಮಲಗಿದರೋ. ನಮ್ಮ ಏರಿಯಾದ ವಾಟ್ಸಾಪ್ ಗ್ರೂಪಿನಲ್ಲಿ ವಾರವಿಡೀ ಓಡಿದ್ದು ಒಂದೇ ಪ್ರಶ್ನೆ: "ಅವ್ರೆಲ್ಲ ಎಲ್ಲಿಯವ್ರು?"

ಘನತ್ಯಾಜ್ಯಕ್ಕೆ ಮೀಸಲಿಟ್ಟ ಸರ್ಕಾರಿ ಜಾಗ, ಒತ್ತುವರಿಯಾಗಿತ್ತು ಎಂದಿತು ಸರ್ಕಾರ. ನಿವಾಸಿಗಳು ಆಧಾರ್, ವೋಟರ್ ಐಡಿ ಹಿಡಿದು ನಿಂತರು. ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಟೀಕಿಸಿದ ಮೇಲಂತೂ ಮನೆ ಕಳೆದುಕೊಂಡವರ ಸುದ್ದಿ ಹಿಂದಕ್ಕೆ ಸರಿದು, ಅದು ಕೇರಳ–ಕರ್ನಾಟಕದ ಮಾನದ ಪ್ರಶ್ನೆಯಾಯಿತು. ಬಿಜೆಪಿಯವರು ಬಾಂಗ್ಲಾದವರನ್ನು ಹುಡುಕಿ ಎಂದರು. ಕಾಂಗ್ರೆಸ್ ಸರ್ಕಾರ ‘ಅರ್ಹ’ರಿಗೆ ಬೈಯಪ್ಪನಹಳ್ಳಿಯಲ್ಲಿ ಮನೆ ಕೊಡುತ್ತೇವೆ ಎಂದಿತು. ಒಬ್ಬರು ಕಾಗದ ನೋಡಿ ಓಡಿಸಬೇಕು ಅಂದರೆ, ಇನ್ನೊಬ್ಬರು ಕಾಗದ ನೋಡಿ ಉಳಿಸುತ್ತೇವೆ ಅಂದರು. ಕೆಡವುವ ಮೊದಲು ಕಾಗದ ಯಾಕೆ ನೋಡಲಿಲ್ಲ ಅಂತ ಕೇಳಿದವರು ಕಡಿಮೆ.

‘ಎಲ್ಲಿಯವರು’ ಅನ್ನುವ ಪ್ರಶ್ನೆ ಕನ್ನಡ ಕಾದಂಬರಿಗೆ ಹೊಸತಲ್ಲ. ನಮ್ಮ ಟಿವಿ ಪ್ಯಾನೆಲ್‌ಗಳಿಗಿಂತ ಅದಕ್ಕೇ ಇದು ಚೆನ್ನಾಗಿ ಗೊತ್ತು.

ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಕಾಲೇಜಿನಲ್ಲಿ ನಮಗೆ ಅದನ್ನು ‘ದಲಿತನೊಬ್ಬನ ದುರಂತ’ ಅಂತ ಪಾಠ ಮಾಡಿದರು. ಅದು ನಿಜವೇ. ಚೋಮನ ಬಳಿ ಎತ್ತುಗಳಿವೆ, ಉಳಲು ಭೂಮಿ ಇಲ್ಲ. ಅವನ ಜಾತಿಯವನಿಗೆ ಸಾಗುವಳಿಗೆ ಜಮೀನು ಕೊಡಲು ಧಣಿಯ ಮನೆಯಲ್ಲಿ ಒಪ್ಪುವುದಿಲ್ಲ. ಆದರೆ ಕತೆಯನ್ನು ಮುಂದಕ್ಕೆ ತಳ್ಳುವುದು ಇನ್ನೊಂದು ಸಂಗತಿ, ಘಟ್ಟದ ಮೇಲಿನ ಕಾಫಿ ತೋಟದ ಸಾಲ. ಮನ್ವೇಲ ಅದನ್ನು ಕೇಳಲು ಬರುತ್ತಾನೆ. ಸಾಲ ತೀರಿಸಲು ಗಂಡುಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಜ್ವರ ಹತ್ತಿಸಿಕೊಂಡು ಬಂದು ಸಾಯುತ್ತಾನೆ, ಇನ್ನೊಬ್ಬ ಅಪ್ಪನ ಗುಡಿಸಲಿಗೆ ಮರಳುವುದೇ ಇಲ್ಲ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲ ತೀರುತ್ತದೆ. ಹೇಗೆ ತೀರಿತು ಅನ್ನುವುದು ಓದಿದವರಿಗೆ, ಸಿನಿಮಾ ನೋಡಿದವರಿಗೆ ಗೊತ್ತು.

ಕಾಫಿ ತೋಟ ಆ ಕತೆಯಲ್ಲಿ ಬರೀ ಹಿನ್ನೆಲೆಯಲ್ಲ. ಕೊಡಗು, ಚಿಕ್ಕಮಗಳೂರು ಕಡೆ 19ನೇ ಶತಮಾನದಲ್ಲಿ ಬ್ರಿಟಿಷ್ ಪ್ಲಾಂಟರುಗಳು ಕಾಫಿಯನ್ನು ದೊಡ್ಡ ಮಟ್ಟದಲ್ಲಿ ಬೆಳೆಸಿದ್ದು ಲಂಡನ್ ಮಾರುಕಟ್ಟೆಗಾಗಿ. ಆ ತೋಟಗಳಿಗೆ ಆಳು ಸಿಗುತ್ತಿದ್ದುದು ಮುಂಗಡದ ಮೂಲಕ. ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲು 1859ರಲ್ಲೇ ಕಾನೂನು ಬಂದಿತ್ತು: ದುಡಿ, ಇಲ್ಲವೇ ಹಣ ವಾಪಸ್ ಕೊಡು, ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. ಕೆಲಸ ಬಿಟ್ಟು ಹೋಗುವುದೇ ಅಪರಾಧ! 1925ರಲ್ಲಿ ಅದನ್ನು ರದ್ದು ಮಾಡುವ ಕಾಯ್ದೆ ಬಂತು. ಚೋಮ ಪುಸ್ತಕವಾಗಿ ಬಂದದ್ದು ಅದಾಗಿ ಎಂಟು ವರ್ಷಕ್ಕೆ. ಕಾನೂನು ಹೋಗಿತ್ತು, ಮುಂಗಡ ಎಲ್ಲಿಗೂ ಹೋಗಿರಲಿಲ್ಲ.

ಇದೇ ವಲಸೆಯನ್ನು ಇನ್ನೊಂದು ತುದಿಯಿಂದ ನೋಡಿದವರು ಕುವೆಂಪು. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಸೇರೆಗಾರ ರಂಗಪ್ಪಸೆಟ್ಟಿ ಘಟ್ಟದ ಕೆಳಗಿನಿಂದ ಆಳುಗಳನ್ನು ತರುತ್ತಾನೆ. ಕಾರಂತರಲ್ಲಿ ಆ ಆಳುಗಳಿಗೆ ಹೆಸರಿದೆ, ಮನೆಯಿದೆ, ದುಡಿ ಇದೆ. ಮಲೆನಾಡಿನ ಗೌಡರ ಮನೆ ಜಗುಲಿಯಿಂದ ನೋಡಿದರೆ ಅವರು ಹೆಚ್ಚಾಗಿ ಗುಂಪು, ಸೇರೆಗಾರನ ಕಡೆಯವರು. ಕುವೆಂಪು ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ, ಆ ಜಗುಲಿಯ ನೋಟವನ್ನು ಅವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ನಮ್ಮ ಅಪಾರ್ಟ್‌ಮೆಂಟ್ ಬಾಲ್ಕನಿಯಿಂದ ಕಾಣುವುದೂ ಅದೇ ತಾನೇ? ಥಣಿಸಂದ್ರದ ಸೈಟಿನಲ್ಲಿ ಹಳದಿ ಹೆಲ್ಮೆಟ್ ಕಾಣುತ್ತೆ, ಮುಖ ಕಾಣಲ್ಲ. ‘ಮೇಸ್ತ್ರಿ ಕಡೆಯವರು’ ಅಂದರೆ ಮುಗಿಯಿತು.

ಇನ್ನೊಂದು ವಿಷಯ. ಆಗ ದಕ್ಷಿಣ ಕನ್ನಡ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ, ಕುವೆಂಪು ಅವರ ಮಲೆನಾಡು ಮೈಸೂರು ಸಂಸ್ಥಾನದಲ್ಲಿ. ಅಂದರೆ ಆಗುಂಬೆ ಘಾಟಿ ಹತ್ತಿದ ಕೂಲಿಯವನು ಕಾಗದದ ಮೇಲೆ ಗಡಿ ದಾಟಿ ಬಂದವನು. 1956ರಲ್ಲಿ ಗಡಿ ಅಳಿಸಿತು, ಇವತ್ತು ಇಬ್ಬರೂ ‘ನಮ್ಮವರು’. ಮಂಗಳೂರಿನವರನ್ನು ಆರ್‌.ಟಿ. ನಗರದಲ್ಲಿ ಯಾರೂ ವಲಸಿಗ ಅನ್ನುವುದಿಲ್ಲ.

ಯಾದಗಿರಿಯವರನ್ನು ಅನ್ನುತ್ತಾರೆ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಶೆಡ್‌ಗಳನ್ನು ‘ಬಾಂಗ್ಲಾದೇಶಿಗಳು’ ಎಂಬ ಗುಮಾನಿಯಲ್ಲಿ ಕೆಡವಲಾಯಿತು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದವರೂ ಇದ್ದರು. ಪಿಯುಸಿಎಲ್ ಹೈಕೋರ್ಟಿಗೆ ಹೋಗಬೇಕಾಯಿತು. ಅದಾಗಿ ಎರಡೇ ತಿಂಗಳಿಗೆ ಲಾಕ್‌ಡೌನ್. ಚಿಕ್ಕಬಾಣಾವರದಿಂದ ಶ್ರಮಿಕ್ ರೈಲುಗಳು ಹೊರಟಿದ್ದವು. ಮೇ 5ರಂದು ಬಿಲ್ಡರ್‌ಗಳ ಜೊತೆ ಮುಖ್ಯಮಂತ್ರಿ ಯಡಿಯೂರಪ್ಪ ಸಭೆ ನಡೆಸಿದರು, ಅದರ ಬೆನ್ನಿಗೇ ಇನ್ನು ರೈಲು ಬೇಡ ಎಂದು ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಗಲಾಟೆಯಾದ ಮೇಲೆ ಎರಡು ದಿನದಲ್ಲಿ ನಿರ್ಧಾರ ಬದಲಾಯಿತು, ಸರಿ. ಆದರೆ ಅಷ್ಟರಲ್ಲಿ ಎಷ್ಟೋ ಜನ ಗಂಟುಮೂಟೆ ಹೊತ್ತು ನಡೆಯಲು ಶುರು ಮಾಡಿದ್ದರು.

ಜನವರಿಯಲ್ಲಿ ‘ಹೋಗು’, ಮೇನಲ್ಲಿ ‘ಹೋಗಬೇಡ’. ಒಂದೇ ಊರು, ಒಂದೇ ಸರ್ಕಾರ, ಅದೇ ವರ್ಗದ ಜನ. ಪರಸ್ಪರ ವಿರುದ್ಧ ಅನ್ನಿಸುವ ಈ ಎರಡು ಆಜ್ಞೆಗಳಲ್ಲಿ ನನಗೆ ಕಾಣುವುದು 1859ರ ಲೆಕ್ಕವೇ: ದುಡಿಯುವವನು ಯಾವಾಗ ಬರಬೇಕು, ಎಲ್ಲಿ ಮಲಗಬೇಕು, ಯಾವಾಗ ಹೋಗಬೇಕು ಎಂಬುದನ್ನು ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸುತ್ತಾರೆ. ಸಾಮ್ರಾಜ್ಯ ಬಿಟ್ಟು ಹೋದದ್ದು ರೈಲು, ಇಂಗ್ಲಿಷು ಮಾತ್ರ ಅಂತ ಅಂದುಕೊಂಡರೆ ಈ ಲೆಕ್ಕದ ಪುಸ್ತಕ ಕಣ್ಣಿಗೆ ಬೀಳುವುದಿಲ್ಲ. 2025ರಲ್ಲಿ ಪಕ್ಷ ಬದಲಾಗಿತ್ತು, ಪುಸ್ತಕ ಬದಲಾಗಲಿಲ್ಲ.

"ಒತ್ತುವರಿ ಒತ್ತುವರೀನೇ ಅಲ್ವಾ" ಅಂತ ಗೆಳೆಯನೊಬ್ಬ ವಾದ ಮಾಡಿದ. ಹೌದು, ಸರ್ಕಾರಿ ಜಾಗವೇ ಇರಬಹುದು. ಆದರೆ ನಿಯಮ ಮೀರಿ ಮಹಡಿ ಏರಿಸಿದವರಿಗೆ ಇದೇ ರಾಜ್ಯ ‘ಅಕ್ರಮ–ಸಕ್ರಮ’ ಎಂಬ ಯೋಜನೆಯನ್ನೇ ತಂದಿತ್ತು. ಅಕ್ರಮಕ್ಕೆ ಸಕ್ರಮವೆಂಬ ಜೋಡಿಪದ ಸಿಗುವುದು ದಂಡ ಕಟ್ಟಲು ದುಡ್ಡಿದ್ದವರಿಗೆ. ಕೋಗಿಲಿನವರಿಗೆ ಸಿಕ್ಕಿದ್ದು ಜೆಸಿಬಿ.

ಕಾನೂನಿನ ಕತೆಯನ್ನೂ ನೋಡಿ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐದು ಜನ ವಲಸಿಗರಿದ್ದ ಕಡೆಯೇ ಅನ್ವಯವಾಗುತ್ತಿತ್ತು, ಪ್ರಯಾಣದ ಖರ್ಚು, ಸ್ಥಳಾಂತರ ಭತ್ಯೆ ಕೊಡಬೇಕು ಎನ್ನುತ್ತಿತ್ತು. ಕಾಗದದಲ್ಲಿದ್ದಷ್ಟು ಸೈಟಿನಲ್ಲಿ ಇರಲಿಲ್ಲ, ಅದು ಬೇರೆ ಮಾತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಐದು ಹತ್ತಾಗಿದೆ. ಕಾಂಟ್ರಾಕ್ಟರ್ ಇಲ್ಲದೆ ತಾನಾಗಿ ಬಂದವರನ್ನೂ ಸೇರಿಸಿಕೊಂಡದ್ದು ಒಳ್ಳೆಯದೇ. ಆದರೆ ಹಳೆಯದರಲ್ಲೂ ಹೊಸದರಲ್ಲೂ ವಲಸಿಗ ಅಂದರೆ ರಾಜ್ಯದ ಗಡಿ ದಾಟಿದವನು ಮಾತ್ರ. ಯಾದಗಿರಿಯಿಂದ ರಾತ್ರಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು, ಬಾಗಲೂರು ರಸ್ತೆ ಬದಿ ಶೆಡ್ ಹಾಕಿಕೊಂಡ ಹೆಂಗಸು ಈ ಕಾನೂನಿನ ಕಣ್ಣಿಗೆ ವಲಸಿಗಳಲ್ಲ. ವಾಟ್ಸಾಪ್ ಗ್ರೂಪಿನ ಕಣ್ಣಿಗೆ ಕನ್ನಡದವಳೂ ಅಲ್ಲ.

ಗ್ರೂಪಿನಲ್ಲಿ ನಾನೂ ಒಂದು ಪ್ರಶ್ನೆ ಹಾಕಿದೆ: ನಮ್ಮ ಬಿಲ್ಡಿಂಗ್ ಕಟ್ಟಿದವರು ಎಲ್ಲಿಯವರು, ಕಟ್ಟುವಾಗ ಎಲ್ಲಿ ಮಲಗುತ್ತಿದ್ದರು, ಯಾರಿಗಾದರೂ ಗೊತ್ತಾ? ಸುಮಾರು ಜನ ನೋಡಿದ್ದು ನೀಲಿ ಟಿಕ್‌ನಲ್ಲಿ ಕಂಡಿತು. ಸ್ವಲ್ಪ ಹೊತ್ತಿಗೆ ಯಾರೋ ನಾಳೆ ನೀರಿನ ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತೆ ಅಂತ ಹಾಕಿದರು.