ನಿಯತ್ತಿದ್ದರೆ ದಂಧೆ ಮುಳುಗುತ್ತೆ ಅಂದವರು ಯಾರು?

"ವ್ಯಾಪಾರಂ ದ್ರೋಹಚಿಂತನಂ" ಅನ್ನೋ ಮಾತನ್ನು ನಮ್ಮ ಕಡೆ ಜನ ನಗುತ್ತಲೇ ಹೇಳುತ್ತಾರೆ. ತೂಕದಲ್ಲಿ ಕಾಲು ಕೆಜಿ ಹೊಡೆದವನೂ ಹೇಳುತ್ತಾನೆ, ಹೊಡೆಸಿಕೊಂಡವನೂ ಹೇಳುತ್ತಾನೆ. ಈಗೀಗ ಅದೇ ಮಾತು ಸೊಸೈಟಿ ಚುನಾವಣೆಗೂ ಬಂದು ಕೂತಿದೆ. "ಅವನು ಒಳ್ಳೆಯವನು ಕಣ್ರೀ, ಆದರೆ ಸೊಸೈಟಿ ನಡೆಸೋಕೆ ಒಳ್ಳೆತನ ಸಾಲಲ್ಲ, ಸ್ವಲ್ಪ ಖದೀಮ ಆಗಿರಬೇಕು." ಸುದ್ದಿಗೆಂದು ಹೋದ ಹಳ್ಳಿಗಳಲ್ಲಿ, ಅರಳಿಕಟ್ಟೆಯ ಮೇಲೆ ಕೂತವರ ಬಾಯಲ್ಲಿ ನಾವು ಈ ವಾದ ಕೇಳಿ ಕೇಳಿ ಸುಸ್ತಾಗಿದ್ದೇವೆ.

ಈ ವಾದ ಸುಳ್ಳು ಅನ್ನೋದು ನಮ್ಮ ತಕರಾರು. ಪುರಾಣ ಹೇಳಲು ನಾವು ಬಂದಿಲ್ಲ. ಲೆಕ್ಕದ ಪುಸ್ತಕ ತೆರೆದು ನೋಡಿದರೂ ಇದು ಸುಳ್ಳೇ.

ಕರಾವಳಿಯ ಅಡಿಕೆ ತೋಟಗಳ ಕಥೆ ತಗೊಳ್ಳಿ. 1970ರ ದಶಕದ ಶುರುವಿನಲ್ಲಿ ಅಡಿಕೆ ಧಾರಣೆ ಬಿದ್ದುಹೋಗಿತ್ತು. ವರ್ಷವಿಡೀ ದುಡಿದವನಿಗೆ ಮಂಡಿಯವನು ಹೇಳಿದ್ದೇ ರೇಟು. ಆಗ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಬೆಳೆಗಾರರನ್ನು ಸೇರಿಸಿದರು. ಅವರೂ ಅಡಿಕೆ ಬೆಳೆಗಾರರೇ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿ ಸಂಸ್ಥೆ ಅದು. ಅದರ ಕೆಲಸದಲ್ಲಿ ಗುಟ್ಟೇನೂ ಇಲ್ಲ. ಇವತ್ತು ಎಷ್ಟಕ್ಕೆ ಕೊಳ್ಳುತ್ತೇವೆ ಅನ್ನೋದನ್ನು ಎಲ್ಲರಿಗೂ ಗೊತ್ತಾಗುವಂತೆ ಹೇಳೋದು, ಹೇಳಿದ ರೇಟಿಗೆ ಕೊಳ್ಳೋದು. ಕ್ಯಾಂಪ್ಕೊ ರೇಟು ಊರಿಗೆಲ್ಲ ಗೊತ್ತಾದ ಮೇಲೆ ಖಾಸಗಿ ಅಂಗಡಿಯವನು ಅದಕ್ಕಿಂತ ತೀರಾ ಕೆಳಗೆ ಕೇಳೋದು ಕಷ್ಟ. ಕ್ಯಾಂಪ್ಕೊಗೆ ಒಂದು ಮೂಟೆಯೂ ಕೊಡದ ರೈತನಿಗೂ ಇದರಿಂದ ಲಾಭ.

ಇದಕ್ಕಿಂತ ದೊಡ್ಡ ಪರೀಕ್ಷೆ ಕೊಕ್ಕೊದಲ್ಲಿ ಬಂತು. ಅಡಿಕೆ ಮರದ ನೆರಳಲ್ಲಿ ಕೊಕ್ಕೊ ಹಾಕಿ, ನಾವು ಕೊಳ್ಳುತ್ತೇವೆ ಅಂತ ಕಂಪನಿಯವರು ಹುರಿದುಂಬಿಸಿದ್ದರು. ಜನ ನಂಬಿ ಹಾಕಿದರು. 1980ರ ಆಸುಪಾಸಿನಲ್ಲಿ ಬೆಲೆ ಕುಸಿದಾಗ ಖಾಸಗಿ ಖರೀದಿ ಹಿಂದೆ ಸರಿಯಿತು. ಕೊಕ್ಕೊದ ಹಸಿ ಬೀಜ ಅಡಿಕೆಯ ಹಾಗಲ್ಲ, ಅಟ್ಟದ ಮೇಲೆ ಹಾಕಿ ಒಳ್ಳೆ ರೇಟಿಗೆ ಕಾಯಲು ಬರೋದಿಲ್ಲ. ಕೊಯ್ದು ಒಡೆದ ಮೇಲೆ ಬೇಗ ಹುದುಗಿಗೆ ಹಾಕಬೇಕು, ಇಲ್ಲದಿದ್ದರೆ ಹಾಳು. ಎಷ್ಟೋ ಜನ ಗಿಡ ಕಡಿಯುವ ಯೋಚನೆಗೆ ಬಂದಿದ್ದರು. ಕ್ಯಾಂಪ್ಕೊ ಹುಟ್ಟಿದ್ದೇ ಅಡಿಕೆಗಾಗಿ. "ಕೊಕ್ಕೊ ನಮ್ಮ ಬಾಬ್ತಲ್ಲ" ಅಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೂ ಅದು ಕೊಳ್ಳಲು ಇಳಿಯಿತು. ಕೊಂಡದ್ದನ್ನು ಏನು ಮಾಡೋದು ಅನ್ನೋ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಎದ್ದಿತು.

ಇಲ್ಲಿ ಸ್ವಲ್ಪ ನಿಂತು ನೋಡಿ. ಸದಸ್ಯನ ಕೈ ಬಿಡಬಾರದು ಅನ್ನೋ ಹಟ ಇಲ್ಲದಿದ್ದರೆ ಆ ಕಾರ್ಖಾನೆಯ ಯೋಚನೆಯೇ ಬರುತ್ತಿರಲಿಲ್ಲ. ಖದೀಮನಾಗಿದ್ದರೆ ಕುಸಿದ ಬೆಲೆಗೆ ಎರಡು ವರ್ಷ ಕೊಕ್ಕೊ ಬಾಚಿ, ದುಡ್ಡು ಮಾಡಿ ಸುಮ್ಮನಾಗುತ್ತಿದ್ದ. ಮೂರನೇ ವರ್ಷ ತೋಟದಲ್ಲಿ ಕೊಕ್ಕೊ ಗಿಡವೇ ಇರುತ್ತಿರಲಿಲ್ಲ.

ಇನ್ನೊಂದು ಹಳೆಯ ಉದಾಹರಣೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಸಿಂಡಿಕೇಟ್ ಬ್ಯಾಂಕಿಗೆ ಬುನಾದಿ ಹಾಕಿದಾಗ ಕೈಯಲ್ಲಿದ್ದ ಬಂಡವಾಳ 8,000 ರೂಪಾಯಿ. 1928ರಲ್ಲಿ ಪಿಗ್ಮಿ ಶುರುವಾಯಿತು. ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ದುಡ್ಡನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸು ತನ್ನ ಎರಡಾಣೆಯನ್ನು ಬೇರೆಯವರ ಕೈಗೆ ಯಾಕೆ ಕೊಟ್ಟಳು ಹೇಳಿ? ನಾಳೆಯೂ ಅವನು ಬರುತ್ತಾನೆ, ಬರೆದದ್ದು ಸರಿಯಾಗಿರುತ್ತದೆ, ಕೇಳಿದಾಗ ದುಡ್ಡು ವಾಪಸ್ ಸಿಗುತ್ತದೆ ಅಂತ. ಒಂದು ಬೀದಿಯಲ್ಲಿ ಒಬ್ಬ ಏಜೆಂಟ್ ಮೋಸ ಮಾಡಿದ್ದರೆ ಆ ಬೀದಿಯ ಪಿಗ್ಮಿ ಅವತ್ತೇ ಬಂದ್.

ಈಗ ನಮ್ಮ ಡೇರಿಗೆ ಬನ್ನಿ. ಎಲ್ಲ ಡೇರಿ ಹೀಗೇ ಅಂತ ನಾವು ಹೇಳುತ್ತಿಲ್ಲ, ಆದರೆ ಈ ಕಥೆ ನಿಮಗೆ ಹೊಸದೇನೂ ಆಗಿರಲ್ಲ. ಹಾಲು ಹಾಕಿದವನಿಗೆ ಫ್ಯಾಟು ಅರ್ಧ ಪಾಯಿಂಟ್ ಕಡಿಮೆ ಬರೆದು, ತಮ್ಮವರ ಹೆಸರಿಗೆ ಜಾಸ್ತಿ ಬರೆಯುವ ಡೇರಿ ಇದೆ ಅಂದುಕೊಳ್ಳಿ. ಮೊದಲ ತಿಂಗಳು ಕೆಲವರಿಗೆ ಲಾಭ. ಎರಡನೇ ತಿಂಗಳು ಒಳ್ಳೆ ಹಾಲು ಹಾಕುವವನಿಗೆ ವಿಷಯ ಗೊತ್ತಾಗುತ್ತದೆ. ಹೇಗೂ ಕಡಿಮೆಯೇ ಬರೆಯುತ್ತಾರಲ್ಲ ಅಂತ ಅವನೂ ಒಂದು ಚೊಂಬು ನೀರು ಸೇರಿಸುತ್ತಾನೆ, ಇಲ್ಲವೇ ಒಳ್ಳೆ ಹಾಲನ್ನು ಹೋಟೆಲಿಗೆ ಕೊಟ್ಟು ಮಿಕ್ಕಿದ್ದನ್ನು ಡೇರಿಗೆ ತರುತ್ತಾನೆ. ಕೊನೆಗೆ ಇಡೀ ಊರಿನ ಹಾಲಿನ ಗುಣಮಟ್ಟ ಇಳಿದು, ಒಕ್ಕೂಟದಿಂದ ಬರುವ ದುಡ್ಡೂ ಇಳಿಯುತ್ತದೆ. ಕಾರ್ಯದರ್ಶಿ ಕದ್ದದ್ದು ಅರ್ಧ ಪಾಯಿಂಟ್, ಊರು ಕಳಕೊಂಡದ್ದು ಡೇರಿಯನ್ನೇ. ಆಮೇಲೆ ಅದೇ ಜನ ಕಟ್ಟೆ ಮೇಲೆ ಕೂತು "ಸಹಕಾರಿ ಅಂದ್ರೇನೇ ಹಿಂಗೆ ಬಿಡ್ರೀ" ಅನ್ನುತ್ತಾರೆ.

ದೊಡ್ಡ ಕಂಪನಿಗಳವರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರು ಅಂತೇನೂ ಇಲ್ಲ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ಗೆ 2008ರಲ್ಲಿ ಒಳ್ಳೆ ಆಡಳಿತಕ್ಕೆಂದು ಪ್ರಶಸ್ತಿ ಸಿಕ್ಕಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕದಲ್ಲಿ ತೋರಿಸಿದ ದುಡ್ಡು ಇಲ್ಲವೇ ಇಲ್ಲ ಅಂತ ಪತ್ರ ಬರೆದು ಒಪ್ಪಿಕೊಂಡರು. ಒಂದೇ ದಿನದಲ್ಲಿ ಷೇರು ಬೆಲೆಯ ಮುಕ್ಕಾಲು ಪಾಲು ಹೋಯಿತು. ಕಂಪನಿಯ ಹೆಸರೇನೋ ಸತ್ಯಂ! ಸ್ಟಾರ್ ಹೋಟೆಲಿನಲ್ಲಿ ಮೌಲ್ಯಗಳ ಬಗ್ಗೆ ಭಾಷಣ ಮಾಡುವವರನ್ನು ಕಂಡಾಗ ನಮಗೆ ಅನುಮಾನ ಬರುವುದು ಇದಕ್ಕೇ.

ಹಾಗಂತ ಒಳ್ಳೆಯವನೊಬ್ಬ ಅಧ್ಯಕ್ಷನಾದರೆ ಸಾಕು ಅಂತ ನಾವು ಹೇಳಲ್ಲ. ಒಳ್ಳೆಯವನಾಗಿದ್ದು ಲೆಕ್ಕ ಬಾರದವನೂ ಸೊಸೈಟಿ ಮುಳುಗಿಸುತ್ತಾನೆ. ಬೇಡ ಅನ್ನಲು ಮುಖ ಬಾರದೆ ಕೇಳಿದವರಿಗೆಲ್ಲ ಸಾಲ ಕೊಡುತ್ತಾನೆ, ವಸೂಲಿಗೆ ಹೋಗಲು ನಾಚುತ್ತಾನೆ. ಕ್ಯಾಂಪ್ಕೊ ಉಳಿದದ್ದು ಬರೀ ಸದುದ್ದೇಶದಿಂದಲ್ಲ, ಕೊಕ್ಕೊವನ್ನು ಚಾಕಲೇಟ್ ಮಾಡಿ ಮಾರುವ ಕಸುಬನ್ನೂ ಕಲಿತದ್ದರಿಂದ. ನಿಯತ್ತಿನವನಿಗೆ ಮೊದಲ ಕೆಲವು ವರ್ಷ ನಷ್ಟವಾಗುವುದೂ ನಿಜ. ಕಡಿಮೆ ತೂಗುವ ಪಕ್ಕದ ಅಂಗಡಿಯವನು ಅಷ್ಟರಲ್ಲಿ ಬೈಕ್ ತಗೊಂಡಿರುತ್ತಾನೆ. ಅವನನ್ನು ನೋಡಿ "ಪ್ರಾಮಾಣಿಕನಿಗೆ ಕಾಲ ಇಲ್ಲ" ಅನ್ನುವವರು ಹತ್ತು ವರ್ಷದ ಮೇಲೆ ಯಾರ ಅಂಗಡಿಯ ಬಾಗಿಲು ತೆರೆದಿದೆ ಅಂತ ನೋಡಲು ಹೋಗುವುದೇ ಇಲ್ಲ.

ತಪ್ಪು ನಿರ್ದೇಶಕರದ್ದು ಮಾತ್ರವಾ? ಚುನಾವಣೆಯ ಹಿಂದಿನ ರಾತ್ರಿ ಕವರ್ ಇಸಕೊಂಡು, ಆಮೇಲೆ ಐದು ವರ್ಷ ಸೊಸೈಟಿ ಕಡೆ ತಲೆ ಹಾಕದ ನಮ್ಮ ಅಣ್ಣಂದಿರಿಗೂ ಅಕ್ಕಂದಿರಿಗೂ ಇದರಲ್ಲಿ ಪಾಲಿದೆ. ಆ ಐನೂರು ರೂಪಾಯಿ ಎಲ್ಲಿಂದ ವಾಪಸ್ ವಸೂಲಾಗುತ್ತದೆ ಅಂದುಕೊಂಡಿದ್ದೀರಿ? ನಿಮ್ಮ ಹಾಲಿನ ಫ್ಯಾಟಿನಿಂದ, ನಿಮ್ಮ ಗೊಬ್ಬರದ ಚೀಲದಿಂದ.

ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರಿನಲ್ಲಿ ಬರುತ್ತದೆ. ಬಹಳ ಕಡೆ ಅದು ಉಪ್ಪಿಟ್ಟು-ಕೇಸರಿಬಾತ್ ತಿಂದು, ಪುಸ್ತಕದಲ್ಲಿ ಸಹಿ ಹಾಕಿ ಎದ್ದು ಬರುವ ಕಾರ್ಯಕ್ರಮ. ಈ ಸಲ ಉಪ್ಪಿಟ್ಟು ತಿಂದ ಮೇಲೂ ಕೂತಿರಿ. ಲೆಕ್ಕ ಪರಿಶೋಧನೆಯ ವರದಿಯಲ್ಲಿ ಏನೇನು ಆಕ್ಷೇಪಣೆ ಇದೆ ಅಂತ ಓದಿಸಿ. ನಿರ್ದೇಶಕರ ಮತ್ತು ಅವರ ನೆಂಟರ ಹೆಸರಿನಲ್ಲಿ ಎಷ್ಟು ಸಾಲ ಇದೆ, ಅದರಲ್ಲಿ ಸುಸ್ತಿ ಎಷ್ಟು ಅಂತ ಕೇಳಿ. ಫ್ಯಾಟಿನ ಅಂಕಿ ಮೆಷಿನ್ನಿಂದ ನೇರ ಚೀಟಿಗೆ ಬರುತ್ತದೋ, ಯಾರಾದರೂ ಕೈಯಲ್ಲಿ ಬರೆಯುತ್ತಾರೋ ಕೇಳಿ. ಸಭೆಯ ನೋಟಿಸ್ ನಿಮಗೆ ಬಂದೇ ಇಲ್ಲ ಅಂದರೆ, ಮೊದಲ ಪ್ರಶ್ನೆ ಅದೇ ಆಗಲಿ.